ಕೆರೆಯಲ್ಲಿ ದೋಣಿ ಡಿಕ್ಕಿಯಾಗಿ ವಸ್ತು ಹಾಳಾದರೆ ಪಾಲಿಕೆಯಿಂದ ಪರಿಹಾರ ಪಡೆಯುವುದು ಹೇಗೆ?

ಭಾನುವಾರ ಸಂಜೆ ಉಣಕಲ್ ಕೆರೆ ದಂಡೆಯ ಮೇಲೆ ಗಿರ್ಮಿಟ್, ಮಿರ್ಚಿ ತಿಂದು, ಮಕ್ಕಳು ಹಟ ಹಿಡಿದರೆಂದು ದೋಣಿ ಟಿಕೆಟ್ ತೆಗೆಸಿ, ವಿವೇಕಾನಂದರ ಪ್ರತಿಮೆಯ ಕಡೆ ಒಂದು ಸುತ್ತು ಹೊಡೆದು ಬರುವುದು ಹುಬ್ಬಳ್ಳಿ-ಧಾರವಾಡದವರಿಗೆ ಹೊಸದಲ್ಲ. ಗದಗಿನವರಿಗೆ ಭೀಷ್ಮ ಕೆರೆ ಇದೆ. ದೋಣಿ ಒಂದಕ್ಕೊಂದು ಬಡಿದೋ, ಮೆಟ್ಟಿಲಿಗೆ ತಾಗಿಯೋ ಜೀವಕ್ಕೆ ಏನೂ ಆಗದೆ ಮೊಬೈಲ್, ಕ್ಯಾಮೆರಾ, ಚಷ್ಮಾ, ಕಿವಿಯ ಮಷಿನ್ ನೀರು ಪಾಲಾದಾಗ ನಮ್ಮ ಮಂದಿ ಹೇಳುವುದು ಒಂದೇ ಮಾತು: "ಹೋಗ್ಲಿ ಬಿಡ್ರಿ, ಜೀವ ಉಳೀತಲ್ಲ."

ಜೀವ ಉಳಿದದ್ದು ದೊಡ್ಡದು, ಒಪ್ಪಿದೆ. ಆದರೆ ದುಡಿದು ಕೊಂಡ ವಸ್ತು ಇನ್ನೊಬ್ಬರ ನಿರ್ಲಕ್ಷ್ಯದಿಂದ ಹಾಳಾದರೆ ಅದರ ಬೆಲೆ ಕೇಳುವುದು ನಿಮ್ಮ ಹಕ್ಕು. ನಮ್ಮ ಕಾಕಾ ಕೇಳಿ ಪಡೆದರು. ಅವರು ಮದುವೆ, ಸೀಮಂತಗಳ ಫೋಟೋ ತೆಗೆಯುವವರು. ನಮ್ಮ ಭಾಗದ ಒಂದು ಊರಿನ ಕೆರೆಯಲ್ಲಿ ಮದುವೆ ಗೊತ್ತಾದ ಜೋಡಿಯ ಫೋಟೋ ತೆಗೆಯುತ್ತ ಪೆಡಲ್ ದೋಣಿಯಲ್ಲಿ ಕೂತಿದ್ದಾಗ, ದಂಡೆಗೆ ಬರುತ್ತಿದ್ದ ಮೋಟಾರ್ ದೋಣಿ ಹಿಂದಿನಿಂದ ಗುದ್ದಿತು. ಕ್ಯಾಮೆರಾ ನೀರಿಗೆ ಬಿತ್ತು. ಅಲ್ಲಿ ನೀರು ಎದೆಮಟ್ಟ ಇದ್ದದ್ದರಿಂದ ಹುಡುಗನೊಬ್ಬ ಮುಳುಗಿ ಎತ್ತಿ ಕೊಟ್ಟ. ಲೆನ್ಸಿನ ಉಂಗುರದ ಸಂದಿಯಲ್ಲಿ ಕಪ್ಪು ರಾಡಿ, ಪಟ್ಟಿಗೆ ಸುತ್ತಿಕೊಂಡ ಅಂತರಗಂಗೆಯ ಬೇರು. ಅದನ್ನು ಕೈಯಲ್ಲಿ ಹಿಡಿದು ಕಾಕಾ ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಟ್ಟಿದ್ದರು.

ಆ ಅರ್ಜಿಯ ಹಿಂದೆ ಏಳು ತಿಂಗಳು ಓಡಾಡಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಮುಖ್ಯವಾದದ್ದು ಇದು: ಕೊಡುವ ಮನಸ್ಸಿರುವ ಅಧಿಕಾರಿಗೂ ಕಾಗದ ಬೇಕು. ಸ್ಥಳೀಯ ಸಂಸ್ಥೆಗಳ ಪ್ರತಿ ರೂಪಾಯಿಯನ್ನೂ ಮುಂದೊಂದು ದಿನ ಲೆಕ್ಕಪರಿಶೋಧಕರು ತೆರೆದು ನೋಡುತ್ತಾರೆ. "ಯಾವ ಆಧಾರದ ಮೇಲೆ ಕೊಟ್ಟಿರಿ?" ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಅರ್ಜಿಯೊಳಗೇ ಇದ್ದರೆ ಫೈಲು ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಅಯ್ಯೋ ಎಂದು ಮರುಗಿದವರೂ ಸಹಿ ಹಾಕುವುದಿಲ್ಲ.

ದಂಡೆ ಬಿಡುವ ಮೊದಲು

ಮೊದಲು ಜನ, ಆಮೇಲೆ ವಸ್ತು. ಬಿದ್ದದ್ದನ್ನು ಹುಡುಕಲು ನೀವೇ ನೀರಿಗೆ ಇಳಿಯಬೇಡಿ. ಕೆರೆಯ ತಳದ ಹೂಳು ಕಾಲು ಹಿಡಿಯುತ್ತದೆ, ಅಂತರಗಂಗೆ ಇದ್ದಲ್ಲಿ ಈಜು ಬಲ್ಲವರಿಗೂ ಕಷ್ಟ. ಎಲ್ಲರೂ ದಡ ಸೇರಿದ ಮೇಲೆ ಮನೆಗೆ ಹೋಗುವ ಅವಸರ ಮಾಡದೆ ಅರ್ಧ ತಾಸು ಅಲ್ಲೇ ನಿಲ್ಲಿ. ಆ ಅರ್ಧ ತಾಸಿನ ಕೆಲಸಕ್ಕೆ ಮುಂದಿನ ಆರು ತಿಂಗಳ ಓಡಾಟಕ್ಕಿಂತ ಹೆಚ್ಚು ಬೆಲೆ.

ಎರಡೂ ದೋಣಿಗಳ ಫೋಟೋ ತೆಗೆಯಿರಿ: ಮೇಲೆ ಬರೆದ ನಂಬರು, ಗುದ್ದಿದ ಜಾಗ, ಒಡೆದ ಅಂಚು ಕಾಣುವಂತೆ. ದೋಣಿ ಹತ್ತುವ ಜಾಗ, ಅಲ್ಲಿ ಹಾಕಿದ ಫಲಕ, ಕೊಟ್ಟ ಲೈಫ್ ಜಾಕೆಟ್ಟಿನ ಸ್ಥಿತಿ, ದೋಣಿಯಲ್ಲಿ ಎಷ್ಟು ಜನ ಇದ್ದರು ಎಂಬುದು ಕೂಡ ಇರಲಿ. ಟಿಕೆಟ್ ಒದ್ದೆಯಾಗಿದ್ದರೂ ಎಸೆಯಬೇಡಿ, ಒಣಗಿಸಿ ಎರಡೂ ಮಗ್ಗುಲ ಫೋಟೋ ತೆಗೆದಿಡಿ. ದುಡ್ಡನ್ನು ಫೋನ್‌ಪೇಯಲ್ಲಿ ಕೊಟ್ಟಿದ್ದರೆ ಅದು ಇನ್ನೂ ಒಳ್ಳೆಯದು, ಹಣ ಯಾರ ಖಾತೆಗೆ ಹೋಯಿತು ಎಂಬುದು ಅದರಲ್ಲೇ ಸಿಗುತ್ತದೆ. ದೋಣಿ ನಡೆಸುವವನ ಹೆಸರು ಕೇಳಿಕೊಳ್ಳಿ. ಅವನ ಮೇಲೆ ರೇಗಬೇಡಿ. ಬಹಳ ಸಲ ಆತ ದಿನಗೂಲಿಯವ, ನಡೆದದ್ದನ್ನು ನಡೆದಂತೆ ಹೇಳುವ ಮೊದಲ ಸಾಕ್ಷಿಯೂ ಅವನೇ ಆಗಬಹುದು. ದಂಡೆಯ ಮೇಲೆ ನೋಡುತ್ತಿದ್ದ ಇಬ್ಬರು ಮೂವರ ಹೆಸರು, ಫೋನ್ ನಂಬರು ಬರೆದುಕೊಳ್ಳಿ. ನಿಮ್ಮ ಕುಟುಂಬದವರಲ್ಲದ ಒಬ್ಬರಾದರೂ ಅದರಲ್ಲಿರಲಿ. ನಮಗೆ ಸಹಾಯಕ್ಕೆ ಬಂದವಳು ಚುರುಮುರಿ ಮಾರುವ ಅಕ್ಕ. "ಹಾರ್ನ್ ಇಲ್ಲ, ಏನಿಲ್ಲ, ಹಂಗ ಬಂದು ಗುದ್ದಿದ್ರೀ" ಎಂದು ಹೇಳಿ, ಬರೆದುಕೊಂಡ ಚೀಟಿಗೆ ಸಹಿ ಹಾಕಿದಳು.

ಟಿಕೆಟ್ ಹಿಂದೆ "ವಸ್ತುಗಳಿಗೆ ನಾವು ಜವಾಬ್ದಾರರಲ್ಲ" ಎಂದು ಅಚ್ಚಾಗಿರಬಹುದು. ಅದನ್ನು ಓದಿ ಎದೆಗುಂದಬೇಡಿ. ನೀವೇ ಕೈಜಾರಿ ಬೀಳಿಸಿದ ವಸ್ತುವಿಗೆ ಆ ಮಾತು ಸರಿ. ದೋಣಿ ನಡೆಸುವವರ ತಪ್ಪಿನಿಂದ ಆದ ಹಾನಿಯ ಹೊಣೆ ಆ ಒಂದು ಸಾಲಿನಿಂದ ತಾನಾಗಿ ತೊಳೆದು ಹೋಗುವುದಿಲ್ಲ.

ನೀರು ಹೊಕ್ಕ ಕ್ಯಾಮೆರಾ, ಫೋನ್ ಆನ್ ಮಾಡಬೇಡಿ. ಬ್ಯಾಟರಿ ತೆಗೆಯಲು ಬಂದರೆ ತೆಗೆಯಿರಿ, ತೊಳೆಯದೆ ಹಾಗೇ ಒಂದು ಚೀಲದಲ್ಲಿ ಹಾಕಿ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಆ ರಾಡಿಯೇ ನಿಮ್ಮ ಪುರಾವೆ.

ಪೊಲೀಸ್ ಠಾಣೆಗೆ ಹೋಗಬೇಕೆ?

ಹೋಗಬೇಕು, ಅದೇ ದಿನ ಅಥವಾ ಮರುದಿನ. ಯಾರನ್ನೋ ಜೈಲಿಗೆ ಹಾಕಿಸಲು ಅಲ್ಲ, ಘಟನೆಯ ದಿನ, ಹೊತ್ತು, ಜಾಗ ಸರ್ಕಾರಿ ದಾಖಲೆಯಲ್ಲಿ ಕೂರಲಿ ಎಂದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ದೋಣಿಗೆಂದೇ ಕಲಮುಗಳಿವೆ: ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ದೋಣಿ ನಡೆಸುವುದಕ್ಕೆ 282, ಸುಸ್ಥಿತಿಯಲ್ಲಿಲ್ಲದ ಅಥವಾ ಮಿತಿಮೀರಿ ಜನ ತುಂಬಿದ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಒಯ್ಯುವುದಕ್ಕೆ 284. ದೂರಿನಲ್ಲಿ ಕಲಮು ಬರೆಯುವ ಗೋಜು ನಿಮಗೆ ಬೇಡ, ನಡೆದದ್ದು ಬರೆಯಿರಿ. ದೂರು ಕೊಟ್ಟ ಸ್ವೀಕೃತಿ ಮಾತ್ರ ಬಿಡದೆ ತೆಗೆದುಕೊಳ್ಳಿ. ಫೋನ್ ನೀರಿನಲ್ಲೇ ಕಳೆದುಹೋಗಿದ್ದರೆ ಸಿಮ್ ಬಂದ್ ಮಾಡಿಸುವುದನ್ನು ಮರೆಯಬೇಡಿ.

ದೋಣಿ ಯಾರದು?

ಬಹಳ ಅರ್ಜಿಗಳು ಅಡ್ಡದಾರಿ ಹಿಡಿಯುವುದು ಇಲ್ಲಿ. ಕೆರೆ ಪಾಲಿಕೆಯದು ಇರಬಹುದು, ದೋಣಿ ಗುತ್ತಿಗೆದಾರನದು, ಟಿಕೆಟ್ ಮನೆ ಇನ್ನೊಂದು ಇಲಾಖೆಯದು. ಕಾಕಾ ಮೊದಲ ತಿಂಗಳು ಪೂರ್ತಿ ಕಳೆದದ್ದು ಇದರಲ್ಲೇ. ಕಚೇರಿಯವರು "ಟೆಂಡರ್ ಕೊಟ್ಟೇವ್ರಿ, ಅವರನ್ನ ಕೇಳ್ರಿ" ಅಂದರು. ಗುತ್ತಿಗೆದಾರ "ಜಾಗ ಅವರದು, ಅವರನ್ನ ಕೇಳ್ರಿ" ಅಂದ.

ಈ ಗಿರಕಿಯಿಂದ ಹೊರಬರಲು ಹತ್ತು ರೂಪಾಯಿ ಸಾಕು. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು, ಆನ್‌ಲೈನಿನಲ್ಲೂ ಹಾಕಬಹುದು, 30 ದಿನದಲ್ಲಿ ಉತ್ತರ ಬರಬೇಕು. ಕೇಳಬೇಕಾದದ್ದು ಇಷ್ಟು: ಈ ಕೆರೆಯಲ್ಲಿ ದೋಣಿ ವಿಹಾರದ ಗುತ್ತಿಗೆ ಕರಾರಿನ ನಕಲು, ಅದರಲ್ಲಿನ ಸುರಕ್ಷತೆಯ ಷರತ್ತುಗಳು, ದೋಣಿಗಳ ವಿಮಾ ಪಾಲಿಸಿಯ ನಕಲು, ಕೊನೆಯ ತಪಾಸಣಾ ವರದಿ. ಯಂತ್ರದಿಂದ ನಡೆಯುವ ದೋಣಿಗಳಿಗೆ ನೋಂದಣಿ, ತಪಾಸಣೆ, ವಿಮೆ ಇರಬೇಕೆಂದು 2021ರ ಒಳನಾಡು ಹಡಗು ಕಾಯ್ದೆ ಹೇಳುತ್ತದೆ. ವಿಮೆ ಇದ್ದರೆ ನಿಮ್ಮ ಹಣ ಬರುವ ದಾರಿ ಸಲೀಸು. ಇಲ್ಲದಿದ್ದರೆ ಇಲ್ಲ ಎಂಬ ಉತ್ತರವೇ ನಿಮ್ಮ ಕೈಯಲ್ಲೊಂದು ಗಟ್ಟಿ ಕಾಗದ.

ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸಂಸ್ಥೆ ಕೈ ತೊಳೆದುಕೊಳ್ಳಲು ಬರುವುದಿಲ್ಲ. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಅಲ್ಲೂ ದೋಣಿ ನಡೆಸುತ್ತಿದ್ದದ್ದು ಪಾಲಿಕೆಯಿಂದ ಗುತ್ತಿಗೆ ಪಡೆದವರು. ಗುಜರಾತ್ ಹೈಕೋರ್ಟ್ ತಾನಾಗಿಯೇ ವಿಚಾರಣೆ ಎತ್ತಿಕೊಂಡು ಪಾಲಿಕೆಯನ್ನೂ ಪ್ರಶ್ನಿಸಿತು. ಅದಕ್ಕೂ ಬಹಳ ಹಿಂದೆ, 1966ರಲ್ಲಿ, ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ, ತನ್ನ ಸ್ವತ್ತನ್ನು ಸುಸ್ಥಿತಿಯಲ್ಲಿ ಇಡುವ ಹೊಣೆ ಪಾಲಿಕೆಯದೇ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆದ್ದರಿಂದ ಅರ್ಜಿಯನ್ನು ಇಬ್ಬರಿಗೂ ಬರೆಯಿರಿ: ಸಂಸ್ಥೆಗೆ ಒಂದು, ಗುತ್ತಿಗೆದಾರನಿಗೆ ಒಂದು. ಯಾರ ಪಾಲು ಎಷ್ಟು ಎಂಬುದು ಅವರ ನಡುವಿನ ಮಾತು.

ಹುಬ್ಬಳ್ಳಿ-ಧಾರವಾಡದಲ್ಲಿ ಅರ್ಜಿ ಮಹಾನಗರ ಪಾಲಿಕೆ ಆಯುಕ್ತರ ಹೆಸರಿಗೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿರುವುದರಿಂದ, ಧಾರವಾಡದ ಕೆರೆಯ ವಿಷಯವಾದರೆ ಯಾವ ಕಚೇರಿಗೆ ಕೊಡಬೇಕೆಂದು ವಲಯ ಕಚೇರಿಯಲ್ಲಿ ಕೇಳಿಯೇ ಕೊಡಿ. ಗದಗ-ಬೆಟಗೇರಿ, ಹಾವೇರಿಗಳಲ್ಲಿ ನಗರಸಭೆ, ಅಲ್ಲಿ ಪೌರಾಯುಕ್ತರ ಹೆಸರಿಗೆ. ಹಳ್ಳಿಯ ಕೆರೆಯಾದರೆ ಪಂಚಾಯಿತಿ ಪಿಡಿಓಗೆ. ಪ್ರವಾಸೋದ್ಯಮ ಇಲಾಖೆಯದೋ ಸರ್ಕಾರದ ಬೇರೆ ಇಲಾಖೆಯದೋ ದೋಣಿಯಾದರೆ ಆ ಇಲಾಖೆಗೆ.

ನಷ್ಟದ ಲೆಕ್ಕ

ಕಾಕಾ ಮೊದಲ ಅರ್ಜಿಯಲ್ಲಿ ಬರೆದದ್ದು ಒಂದೇ ಸಾಲು: "ನನಗೆ ಸುಮಾರು ಒಂದೂವರೆ ಲಕ್ಷ ರೂಪಾಯಿ ಹಾನಿಯಾಗಿದೆ." ಹದಿನೈದು ದಿನಕ್ಕೆ ಅದು "ವಿವರ ಸಲ್ಲಿಸಿ" ಎಂಬ ಷರಾದೊಂದಿಗೆ ವಾಪಸ್ ಬಂತು. ಬರಬೇಕಾದದ್ದೇ. ಸಿಟ್ಟಿನಲ್ಲಿ ಬರೆದ ಸಂಖ್ಯೆಗೆ ಯಾರೂ ಸಹಿ ಹಾಕುವುದಿಲ್ಲ.

ಎರಡನೇ ಸಲ ನಾವಿಬ್ಬರೂ ಕೂತು ಬರೆದೆವು. ಕ್ಯಾಮೆರಾವನ್ನು ಕೊಪ್ಪಿಕರ ರಸ್ತೆಯ ಕಡೆಯ ಅಂಗಡಿಯವರ ಮೂಲಕ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಕಳಿಸಿ ದುರಸ್ತಿ ಅಂದಾಜು ತರಿಸಿದೆವು: 31,400 ರೂಪಾಯಿ. ಲೆನ್ಸ್ ದುರಸ್ತಿ ಆಗದು ಎಂದು ಅವರೇ ಬರೆದುಕೊಟ್ಟರು. ಅದನ್ನು ಮೂರು ವರ್ಷದ ಹಿಂದೆ 22,000ಕ್ಕೆ ಕೊಂಡದ್ದು, ಬಿಲ್ಲು ಇತ್ತು. ಬಳಸಿದ ಲೆನ್ಸ್ ಈಗ ಎಷ್ಟಕ್ಕೆ ಸಿಗುತ್ತದೆ ಎಂದು ಇಬ್ಬರು ವ್ಯಾಪಾರಿಗಳಿಂದ ಬರೆಸಿಕೊಂಡು 13,000 ಹಾಕಿದೆವು. ಮೊದಲೇ ಒಪ್ಪಿಕೊಂಡ ಎರಡು ಮದುವೆಗೆ ಬಾಡಿಗೆ ಕ್ಯಾಮೆರಾ ತಂದದ್ದು 5,000, ರಸೀದಿ ಸಮೇತ. ಒಡೆದ ಚಷ್ಮಾ 3,200. ಅಂದಾಜು ಮಾಡಿಸಿದ ಶುಲ್ಕ, ತೆರಿಗೆ ಸೇರಿ 590. ಒಟ್ಟು 53,190. ಒಂದೂವರೆ ಲಕ್ಷಕ್ಕೆ ವಾಪಸ್ ಬಂದ ಅರ್ಜಿ, ಐವತ್ಮೂರು ಸಾವಿರಕ್ಕೆ ಮುಂದೆ ಹೋಯಿತು.

ಇದರಲ್ಲಿ ಗಮನಿಸಬೇಕಾದದ್ದು, ಹಳೆಯ ವಸ್ತುವಿಗೆ ಹೊಸ ವಸ್ತುವಿನ ಬೆಲೆ ಕೇಳಲಿಲ್ಲ. ದುರಸ್ತಿ ಆಗುವುದಕ್ಕೆ ದುರಸ್ತಿ ಖರ್ಚು, ಆಗದ್ದಕ್ಕೆ ಇವತ್ತಿನ ಬೆಲೆ. ಬಿಲ್ಲು ಇಲ್ಲದಿದ್ದರೆ ವಾರಂಟಿ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್, ಪೆಟ್ಟಿಗೆಯ ಮೇಲಿನ ಐಎಂಇಐ ನಂಬರ್, ಆ ವಸ್ತು ನಿಮ್ಮ ಕೈಯಲ್ಲಿರುವ ಹಳೆಯ ಫೋಟೋ ಕೂಡ ನಡೆಯುತ್ತವೆ. ಬಂಗಾರ ಬಿದ್ದುಹೋಗಿದ್ದರೆ ತೂಕ ಬರೆದ ಹಳೆಯ ಚೀಟಿ ಹುಡುಕಿ. ಅಜ್ಜನ ಕಿವಿಯ ಮಷಿನ್ ಹೋಗಿದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಹಾಳಾದ ವಸ್ತುವನ್ನು ಮಾತ್ರ ಪ್ರಕರಣ ಮುಗಿಯುವ ತನಕ ಗುಜರಿಗೆ ಹಾಕಬೇಡಿ, "ತಂದು ತೋರಿಸಿ" ಎಂದು ಕೇಳುತ್ತಾರೆ.

ನಿಮ್ಮ ತಪ್ಪೂ ಇದ್ದರೆ ಮುಚ್ಚಿಡಬೇಡಿ. ಸೆಲ್ಫಿಗೆಂದು ಎದ್ದು ನಿಂತಿದ್ದರೆ, ಜಾಕೆಟ್ ಬಿಚ್ಚಿದ್ದರೆ ಮೊತ್ತದಲ್ಲಿ ಕಡಿತ ಆಗುತ್ತದೆ, ಹಕ್ಕೇ ಹೋಗುವುದಿಲ್ಲ. ಮುಚ್ಚಿಟ್ಟದ್ದು ಸಿಸಿಟಿವಿಯಲ್ಲಿ ಕಂಡರೆ ಉಳಿದ ಸತ್ಯವನ್ನೂ ನಂಬುವವರಿಲ್ಲ. ಸಿಸಿಟಿವಿ ಎಂದಾಗ ನೆನಪಾಯಿತು: ದಂಡೆಯಲ್ಲಿ ಕ್ಯಾಮೆರಾ ಕಂಬ ಕಂಡರೆ ದೃಶ್ಯ ಉಳಿಸಿಡಿ ಎಂದು ಎರಡು ಮೂರು ದಿನದಲ್ಲೇ ಬರೆದುಕೊಡಿ. ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ.

ಅರ್ಜಿ ಬರೆಯುವ ಬಗೆ

ಒಂದು ಪುಟ ದಾಟದಂತೆ ಹೀಗೆ ಬರೆಯಬಹುದು:

"ಮಾನ್ಯ ಆಯುಕ್ತರಿಗೆ. ವಿಷಯ: ಕೆರೆಯಲ್ಲಿ ದೋಣಿ ಡಿಕ್ಕಿಯಿಂದ ನನ್ನ ವಸ್ತುಗಳಿಗೆ ಆದ ಹಾನಿಗೆ ಪರಿಹಾರ ಕೋರಿ. ದಿನಾಂಕ ... ರಂದು ಸಂಜೆ ... ಗಂಟೆಗೆ ಟಿಕೆಟ್ ಸಂಖ್ಯೆ ... ಪಡೆದು ದೋಣಿ ಸಂಖ್ಯೆ ... ರಲ್ಲಿ ಕುಳಿತಿದ್ದಾಗ, ದೋಣಿ ಸಂಖ್ಯೆ ... ಹಿಂದಿನಿಂದ ಡಿಕ್ಕಿ ಹೊಡೆದಿದೆ. ಇದರಿಂದ ಕೆಳಗೆ ಪಟ್ಟಿ ಮಾಡಿದ ವಸ್ತುಗಳು ಹಾಳಾಗಿದ್ದು, ಒಟ್ಟು ಹಾನಿ ರೂ. ... ಆಗಿರುತ್ತದೆ. ದಾಖಲೆಗಳನ್ನು ಲಗತ್ತಿಸಿದೆ. ಪರಿಶೀಲಿಸಿ ಪರಿಹಾರ ಮಂಜೂರು ಮಾಡಬೇಕೆಂದು ವಿನಂತಿ."

ಕೆಳಗೆ ಪಟ್ಟಿ, ಪ್ರತಿ ವಸ್ತುವಿನ ಎದುರು ಮೊತ್ತ, ಅದರ ಎದುರು ಲಗತ್ತಿನ ನಂಬರ್. ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಪರಿಚಯದವರ ಕೈಯಲ್ಲಿ ನೇರ ಸಾಹೇಬರ ಟೇಬಲ್ಲಿಗೆ ಇಡಿಸಿದ ಅರ್ಜಿಗೆ ಆವಕ ಸಂಖ್ಯೆ ಇರುವುದಿಲ್ಲ, ಸಂಖ್ಯೆ ಇಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ. ಮುಂದೆ ವಿಚಾರಿಸುವಾಗ "ನನ್ನ ಅರ್ಜಿ ಏನಾಯ್ತು" ಎನ್ನಬೇಡಿ, "ಈ ನಂಬರಿನ ಫೈಲು ಯಾವ ಟೇಬಲ್ಲಿನ ಮೇಲಿದೆ" ಎಂದು ಕೇಳಿ.

ಫೈಲು ಎಂಜಿನಿಯರರ ವರದಿ, ಲೆಕ್ಕ ವಿಭಾಗ, ಕಾನೂನು ವಿಭಾಗ ಸುತ್ತಿ ಆಯುಕ್ತರ ಬಳಿ ಬರುತ್ತದೆ, ಮೊತ್ತ ದೊಡ್ಡದಾದರೆ ಸ್ಥಾಯಿ ಸಮಿತಿಗೆ ಹೋಗಬೇಕಾಗಬಹುದು. ನಿಮ್ಮ ವಾರ್ಡ್ ಸದಸ್ಯರಿಗೂ ಒಂದು ಪ್ರತಿ ಕೊಟ್ಟಿರಿ.

ದಿನ ಎಣಿಸಿ

ಇದನ್ನು ಎರಡು ಸಲ ಓದಿ. ಪಾಲಿಕೆಯ ಮೇಲೆ ಸಿವಿಲ್ ದಾವೆ ಹಾಕುವ ಮೊದಲು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 482ನೇ ಕಲಮಿನಂತೆ ಲಿಖಿತ ನೋಟಿಸ್ ಕೊಟ್ಟು 60 ದಿನ ಕಾಯಬೇಕು. ಏನಾಯಿತು, ಏನು ಬೇಕು, ಎಷ್ಟು ಮೊತ್ತ, ನಿಮ್ಮ ಹೆಸರು, ವಾಸದ ವಿಳಾಸ, ಇಷ್ಟೂ ಅದರಲ್ಲಿರಬೇಕು. ನೋಟಿಸ್ ಇಲ್ಲದೆ ಹಾಕಿದ ದಾವೆ ಬಾಗಿಲಲ್ಲೇ ಬೀಳುತ್ತದೆ. ಸಾಮಾನ್ಯ ಅರ್ಜಿಯನ್ನೇ ನೋಟಿಸ್ ಎಂದುಕೊಂಡು ಕೂರಬೇಡಿ. ನಗರಸಭೆಗಳಿಗೆ 1964ರ ಮುನಿಸಿಪಾಲಿಟಿ ಕಾಯ್ದೆ ಅನ್ವಯ, ಅಲ್ಲೂ ಮೊದಲು ನೋಟಿಸ್. ಸರ್ಕಾರದ ಇಲಾಖೆಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸ್.

ದಾವೆಯನ್ನು ಘಟನೆ ನಡೆದ ಆರು ತಿಂಗಳೊಳಗೆ ಹಾಕುವ ಲೆಕ್ಕದಲ್ಲೇ ನಡೆಯಿರಿ. ಜನವರಿ 12ರಂದು ಘಟನೆ ಆಗಿದೆ ಎಂದುಕೊಳ್ಳಿ. ಫೆಬ್ರವರಿ 15ರೊಳಗೆ ನೋಟಿಸ್ ತಲುಪಿದರೆ ಏಪ್ರಿಲ್ ಮಧ್ಯಕ್ಕೆ 60 ದಿನ ಮುಗಿಯುತ್ತದೆ, ಜುಲೈ 12ರ ತನಕ ಮಾತುಕತೆಗೆ ಸಾಕಷ್ಟು ಜಾಗ ಇರುತ್ತದೆ. "ಕೊಡ್ತಾರಂತ, ನೋಡೋಣು" ಎಂದು ಮೇ ಕೊನೆಯ ತನಕ ಕೂತರೆ 60 ದಿನ ಮುಗಿಯುವ ಮೊದಲೇ ಜುಲೈ 12 ದಾಟಿರುತ್ತದೆ. ಈ ಒಂದು ಹೆಜ್ಜೆಯನ್ನು ವಕೀಲರಿಗೆ ತೋರಿಸಿಯೇ ಇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ವರಮಾನದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ; 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ನೋಟಿಸನ್ನು ಅಂಚೆಯಲ್ಲಿ ಕಳಿಸುವವರಿಗೆ ಒಂದು ಮಾತು: 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ತಲುಪಿದ್ದಕ್ಕೆ ಪುರಾವೆ ಬೇಕೆಂದು ಕೌಂಟರಿನಲ್ಲಿ ಹೇಳಿ, ಆ ಸೇವೆ ಸೇರಿಸಿ ಕಳಿಸಿ.

ಒಪ್ಪಂದಕ್ಕೆ ಕರೆದಾಗ

ಕಾಕಾನಿಗೆ ಐದನೇ ತಿಂಗಳಲ್ಲಿ ಕರೆ ಬಂತು. ಮೊದಲು 30,000 ಅಂದರು. ನಾವು ಪಟ್ಟಿ ಮುಂದಿಟ್ಟು ಒಂದೊಂದೇ ಸಾಲು ಓದಿದೆವು. "ಬಾಡಿಗೆ ಕ್ಯಾಮೆರಾದ ದುಡ್ಡು ಕೊಡಾಕ ಬರೂದಿಲ್ರಿ" ಎಂದರು. ಆ ಐದು ಸಾವಿರ ಬಿಟ್ಟೆವು. ಲೆನ್ಸಿನ ಬೆಲೆಯಲ್ಲಿ ನಾಲ್ಕು ಸಾವಿರ ಇಳಿಸಿದೆವು. ದುರಸ್ತಿ ಅಂದಾಜಿನಲ್ಲಿ ಒಂದು ರೂಪಾಯಿಯೂ ಬಿಡಲಿಲ್ಲ, ಯಾಕೆಂದರೆ ಅದು ಕಂಪನಿಯ ಕಾಗದ. ಕೊನೆಗೆ 44,000ಕ್ಕೆ ನಿಂತಿತು. ಯಾವ ಸಾಲಿನ ಹಿಂದೆ ಗಟ್ಟಿ ಕಾಗದ ಇದೆ, ಯಾವುದರ ಹಿಂದೆ ಇಲ್ಲ ಎಂಬುದು ಗೊತ್ತಿದ್ದರೆ ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಎಂಬುದೂ ಗೊತ್ತಿರುತ್ತದೆ.

ಸಹಿ ಹಾಕುವ ಪತ್ರವನ್ನು ಅಲ್ಲೇ ಓದಿ ಮುಗಿಸುವ ಒತ್ತಡಕ್ಕೆ ಸಿಗಬೇಡಿ, ಮನೆಗೆ ಒಯ್ದು ಓದುತ್ತೇನೆ ಎನ್ನಿ. "ತಪ್ಪು ಒಪ್ಪಿಕೊಳ್ಳದೆ ಈ ಮೊತ್ತ ಕೊಡಲಾಗಿದೆ" ಎಂಬ ಸಾಲು ಇದ್ದರೆ ಚಿಂತೆ ಇಲ್ಲ, ಅದು ರೂಢಿ. "ಈ ಘಟನೆಗೆ ಸಂಬಂಧಿಸಿದ ಎಲ್ಲ ಹಕ್ಕುಗಳನ್ನು ಬಿಟ್ಟುಕೊಟ್ಟಿರುತ್ತೇನೆ" ಎಂಬ ಸಾಲಿನ ಮುಂದೆ ನಿಲ್ಲಿ. ದೋಣಿಯಲ್ಲಿದ್ದ ತಾಯಿಗೋ ಮಗುವಿಗೋ ಪೆಟ್ಟಾಗಿ ಚಿಕಿತ್ಸೆ ನಡೆದಿದ್ದರೆ, ಆ ಸಾಲಿಗೆ ಸಹಿ ಹಾಕಿದ ಮೇಲೆ ಆಸ್ಪತ್ರೆ ಖರ್ಚು ಕೇಳುವ ಬಾಗಿಲೂ ಮುಚ್ಚಬಹುದು. "ವಸ್ತುಗಳ ಹಾನಿಗೆ ಮಾತ್ರ" ಎಂದು ಸೇರಿಸಲು ಕೇಳಿ. ಕಾಕಾನ ಪತ್ರದಲ್ಲಿ ಆ ಮೂರು ಪದ ಸೇರಿಸಲು ಗುಮಾಸ್ತರು ಐದು ನಿಮಿಷ ತೆಗೆದುಕೊಂಡರು, ಅಷ್ಟೇ. ಹಣ ಎಷ್ಟು ದಿನದಲ್ಲಿ, ಯಾರಿಂದ, ಯಾವ ಖಾತೆಗೆ ಎಂಬುದು ಬರಹದಲ್ಲಿರಲಿ. ಹಣ ಮುಟ್ಟುವ ಮೊದಲೇ "ಮುಟ್ಟಿದೆ" ಎಂಬ ರಸೀದಿಗೆ ಸಹಿ ಬೇಡ. ನಿಮ್ಮ ಸ್ವಂತ ವಿಮೆಯಿಂದ ಆ ವಸ್ತುವಿಗೆ ಈಗಾಗಲೇ ಹಣ ಬಂದಿದ್ದರೆ ಹೇಳಿಬಿಡಿ, ಒಂದೇ ನಷ್ಟಕ್ಕೆ ಎರಡು ಕಡೆ ಪಡೆಯಲು ಬರುವುದಿಲ್ಲ.

ಕೊಡದಿದ್ದರೆ

ಟಿಕೆಟ್ ಕೊಂಡವರು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, ಅಂದರೆ ಹಾವೇರಿಯವರಿಗೆ ಹುಬ್ಬಳ್ಳಿಯಲ್ಲಿ ಹೀಗಾದರೆ ದೂರು ಹಾವೇರಿಯಲ್ಲಿ. ದೋಣಿ ಟಿಕೆಟ್ಟಿನಷ್ಟು ಸಣ್ಣ ಬೆಲೆಯ ಸೇವೆಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಐವತ್ತು ಅರವತ್ತು ಸಾವಿರದ ನಷ್ಟಕ್ಕೆ ಸಿವಿಲ್ ಕೋರ್ಟಿಗಿಂತ ಇದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ದಾವೆ ಈಗಾಗಲೇ ಹಾಕಿದ್ದರೆ ಲೋಕ್ ಅದಾಲತ್‌ಗೆ ಒಯ್ಯಲು ಕೇಳಿ. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ, ಬೆಲೆ ಇದೆ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ.

ಕೆರೆಯಲ್ಲಿ ಮೀನು ಹಿಡಿಯುವವರ ಮಾತು ಬೇರೆ. ವಿಹಾರದ ದೋಣಿ ಅವರ ತೆಪ್ಪಕ್ಕೆ ಗುದ್ದಿದರೆ, ಬಲೆ ಹರಿದರೆ ಅವರು ಟಿಕೆಟ್ ಕೊಂಡವರಲ್ಲ, ಗ್ರಾಹಕರ ಆಯೋಗ ಅವರಿಗಿಲ್ಲ. ನೋಟಿಸ್, 60 ದಿನ, ಆರು ತಿಂಗಳು ಎಂಬ ಲೆಕ್ಕ ಅವರಿಗೇ ಹೆಚ್ಚು ಮುಖ್ಯ. ಬಲೆಗೆ ಬಿಲ್ಲು ಇಟ್ಟವರು ಕಡಿಮೆ. ಹರಿದ ಬಲೆಯನ್ನು ದಂಡೆಯ ಮೇಲೆ ಹಾಸಿ, ಅಳತೆಯ ಟೇಪು ಇಟ್ಟು ಫೋಟೋ ತೆಗೆದು, ಮೀನುಗಾರರ ಸಹಕಾರ ಸಂಘದಿಂದ ಬೆಲೆಯ ಪತ್ರ ಬರೆಸಿ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗೆ ತೋರಿಸಿ ಷರಾ ಪಡೆಯಿರಿ. ಬಲೆ ಇಲ್ಲದ ದಿನಗಳಲ್ಲಿ ತಪ್ಪಿದ ದುಡಿಮೆಯನ್ನೂ ಬರೆಯಿರಿ. ಹಿಂದಿನ ತಿಂಗಳು ಮೀನು ಕೊಟ್ಟ ವ್ಯಾಪಾರಿಯ ಚೀಟಿಗಳು ಅದಕ್ಕೆ ಆಧಾರ.

ಹಣ ಜಮೆಯಾದ ದಿನ ಪಾಸ್‌ಬುಕ್ ಎಂಟ್ರಿ ಮಾಡಿಸಿ ಅದರ ಝೆರಾಕ್ಸ್ ಅದೇ ಫೈಲಿಗೆ ಸೇರಿಸಿ. ಠಾಣೆಯಿಂದ ಹೇಳಿಕೆಗೆ ಕರೆದರೆ ಇಡೀ ಫೈಲು ಒಯ್ಯಿರಿ, ಮೂಲ ಪ್ರತಿ ಕೊಡಬೇಡಿ, ನಕಲು ಕೊಡಿ.